ಮುಚ್ಚಳದ ಒಳಗಿನ ಕುಂಕುಮ

ಆ ಭಾನುವಾರ ಬೆಳಿಗ್ಗೆ ಯಶವಂತಪುರ ಸ್ಟೇಷನ್ನಿನಿಂದ ಆಟೊದಲ್ಲಿ ಎರಡು ನೀಲಿ ಕ್ರೇಟುಗಳು ಬಂದವು. ಒಳಗೆ ಒದ್ದೆ ಟವೆಲ್ಲುಗಳಲ್ಲಿ ಸುತ್ತಿದ ಹನ್ನೆರಡು ರೆಗ್ಯುಲೇಟರುಗಳು. ಮಳೆಗಾಲ ಮುಗಿದ ಮೇಲೆ ನಮ್ಮ ಡೈವಿಂಗ್ ತಂಡ ಕರಾವಳಿಗೆ ಹೋಗಿಬಂದ ಮೊದಲ ಪ್ರವಾಸ ಅದು. ತಂಡದ ಸಾಮಾನು ತೊಳೆದು ಸರಿಮಾಡಿಡುವುದು ನನ್ನ ಕೆಲಸ. ಸಾಮಾನು ಒಣಗಲು ಬಿಡಬೇಡಿ, ಒದ್ದೆಯಾಗಿಯೇ ತನ್ನಿ ಎಂದು ಪ್ರತಿಸಲವೂ ಬಾಯಿ ನೋಯುವಷ್ಟು ಹೇಳುತ್ತೇನೆ. ಉಪ್ಪು ನೀರಿನಲ್ಲಿ ಕರಗಿರುವವರೆಗೆ ತೊಳೆದರೆ ಹೋಗುತ್ತದೆ. ಒಣಗಿ ಹರಳಾಯಿತೆಂದರೆ ಸಂದಿಗೊಂದಿಯಲ್ಲಿ ಕೂತು ಲೋಹವನ್ನು ತಿನ್ನಲು ಶುರುಮಾಡುತ್ತದೆ. ಈ ಸಲ ಬಹುಮಟ್ಟಿಗೆ ನನ್ನ ಮಾತು ಕೇಳಿದ್ದರು. ಎರಡು ಟವೆಲ್ಲುಗಳು ಮಾತ್ರ ಒಣಗಿ ಹಪ್ಪಳವಾಗಿದ್ದವು.

ರೆಗ್ಯುಲೇಟರ್ ನೋಡದವರಿಗಾಗಿ ಹೇಳುತ್ತೇನೆ. ಬೆನ್ನಿಗೆ ಕಟ್ಟಿದ ಗಾಳಿಯ ಸಿಲಿಂಡರಿಗೂ ಮುಳುಗುವವರ ಬಾಯಿಗೂ ನಡುವೆ ಇರುವ ಸಾಧನ ಅದು. ಒಂದು ತುದಿಯಲ್ಲಿ ಮುಷ್ಟಿ ಗಾತ್ರದ ಹಿತ್ತಾಳೆಯ ಗುಂಡು. ಅದನ್ನು ಸಿಲಿಂಡರಿನ ಮೂತಿಗೆ ಬಿಗಿಯುತ್ತಾರೆ. ಇನ್ನೊಂದು ತುದಿಯಲ್ಲಿ ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಡಬ್ಬಿ, ಅದರ ಮೇಲೊಂದು ಒತ್ತುವ ಬಟನ್ನು. ನಡುವೆ ರಬ್ಬರ್ ಕೊಳವೆ. ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಇನ್ನೂರು ಬಾರ್; ಕಾರಿನ ಚಕ್ರದಲ್ಲಿರುವುದು ಎರಡು ಚಿಲ್ಲರೆ. ಹಿತ್ತಾಳೆಯ ಗುಂಡಿನೊಳಗೆ ಒಂದು ಪಿಸ್ಟನ್ ಹಿಂದೆ ಮುಂದೆ ಆಡುತ್ತ ಆ ಒತ್ತಡವನ್ನು ಒಂಬತ್ತೂವರೆಗೆ ಇಳಿಸುತ್ತದೆ. ಆ ಗುಂಡಿಗೆ ಗಾಳಿ ಒಳಹೋಗುವ ಬಾಯಿಗೆ ಕಪ್ಪು ರಬ್ಬರಿನ ಮುಚ್ಚಳವಿದೆ. ಸಿಲಿಂಡರಿಗೆ ಕೂರಿಸದೆ ಇರುವಾಗಲೆಲ್ಲ ಆ ಮುಚ್ಚಳ ಹಾಕಿರಲೇಬೇಕು. ಹೊರಗೆ ಎಷ್ಟು ಬೇಕಾದರೂ ನೀರು ಹುಯ್ಯಿರಿ, ಆ ಬಾಯೊಳಕ್ಕೆ ಒಂದು ಹನಿಯೂ ಹೋಗಕೂಡದು. ನನ್ನ ಉದ್ಯೋಗದಲ್ಲಿ ಅರ್ಧ ಪಾಲು ಆ ಮುಚ್ಚಳವನ್ನು ಕಾಯುವುದೇ.

ನನ್ನ ಕೆಲಸದ ಕೋಣೆ ಸಂಜಯನಗರದ ಒಂದು ಹಳೆಯ ಮನೆಯ ಮಹಡಿಯ ಮೇಲಿದೆ. ಕೆಳಗೆ ಮನೆಯ ಯಜಮಾನರ ಸಂಸಾರ. ಯಜಮಾನರಿಗೆ ಎಂಬತ್ತರ ಹತ್ತಿರ ವಯಸ್ಸು; ಬೀದಿಯವರೆಲ್ಲ ಅವರನ್ನು ತಾತ ಎನ್ನುತ್ತಾರೆ, ನಾನೂ ಅಷ್ಟೆ. ಈಗ ಮನೆಗಳೆದ್ದು ನಿಂತಿರುವ ಈ ಇಡೀ ಅಡ್ಡರಸ್ತೆ ಒಂದು ಕಾಲಕ್ಕೆ ಅವರ ರಾಗಿ ಹೊಲ. ಹೊಲದಲ್ಲಿ ಉಳಿದಿರುವುದು ಹಿತ್ತಿಲಿನ ಬೋರ್‌ವೆಲ್ ಒಂದೇ. ಅದರ ನೀರಿನ ಬಗ್ಗೆ ತಾತನಿಗೆ ಎಲ್ಲಿಲ್ಲದ ಹೆಮ್ಮೆ. ನಾನು ಬಾಡಿಗೆಗೆ ಬಂದ ಮೊದಲ ವಾರವೇ ಆ ನೀರು ಬೇಡ, ಗಡಸು ನೀರು, ಬಿಳಿ ಪೊರೆ ಕಟ್ಟುತ್ತದೆ, ನನಗೆ ಕಾವೇರಿ ನೀರೇ ಬೇಕು ಎಂದು ಡ್ರಮ್ಮು ತರಿಸಿ ಇಟ್ಟಿದ್ದೆ. ತಾತ ಅದನ್ನು ಮರೆತಿರಲಿಲ್ಲ.

"ನಮ್ ಬೋರ್ ನೀರು ಸಕ್ಕರೆ ಇದ್ದಂಗೈತೆ ಕಣವ್ವ. ಸುತ್ಲೂ ನಾಕ್ ಬೀದಿಯೋರು ಬಿಂದ್ಗೆ ತಗೊಂಡ್ ಬರೋರು. ನಿನ್ ಮಿಷಿನ್‌ಗೆ ಮಾತ್ರ ಸೇರಾಕಿಲ್ಲ!" ಎಂದು ಡ್ರಮ್ಮಿನ ಪಕ್ಕ ಹಾದುಹೋಗುವಾಗಲೆಲ್ಲ ಚುಚ್ಚುತ್ತಿದ್ದರು.

ಟವೆಲ್ಲುಗಳನ್ನು ಮತ್ತೆ ಒದ್ದೆ ಮಾಡಿಟ್ಟು, ಸೋಮವಾರ ಕೆಲಸ ಹಿಡಿದೆ. ಒಂದೊಂದರ ಮುಚ್ಚಳವನ್ನೂ ಬೆರಳಿನಿಂದ ಒತ್ತಿ ನೋಡಿ, ಉಗುರುಬೆಚ್ಚಗಿನ ಕಾವೇರಿ ನೀರಿನ ಟಬ್ಬಿನಲ್ಲಿ ಮುಳುಗಿಸಿಟ್ಟೆ. ನೀರು ಬದಲಿಸಿದೆ, ಮತ್ತೆ ಮುಳುಗಿಸಿದೆ. ಟಬ್ಬಿನಲ್ಲಿರುವಾಗ ಬಾಯಿಗಿಡುವ ಡಬ್ಬಿಯ ಬಟನ್ನನ್ನು ಅಪ್ಪಿತಪ್ಪಿಯೂ ಒತ್ತಬಾರದು. ಒತ್ತಿದರೆ ಒಳಗಿನ ಕವಾಟ ತೆರೆದು, ನೀರು ಕೊಳವೆಯ ಮೂಲಕ ಹಿತ್ತಾಳೆಯ ಗುಂಡಿನೊಳಕ್ಕೇ ಹೋಗುತ್ತದೆ. ಬಟನ್ ಒತ್ತಿ ತೊಳೆಯಬೇಕಾದರೆ ಮೊದಲು ಸಿಲಿಂಡರಿಗೆ ಬಿಗಿದು, ಒಳಗೆ ಗಾಳಿ ತುಂಬಿರಬೇಕು. ಆಗ ಗಾಳಿ ಹೊರಗೆ ನುಗ್ಗುತ್ತದೆ, ನೀರು ಒಳಗೆ ಬರುವುದಿಲ್ಲ. ಹಾಗೆ ಹನ್ನೆರಡನ್ನೂ ತೊಳೆದು, ಕೊಳವೆ ಕೆಳಮುಖವಾಗಿ ಇಳಿಬಿಟ್ಟು, ಫ್ಯಾನಿನ ಕೆಳಗೆ ತೂಗುಹಾಕಿದೆ.

ಬುಧವಾರ ಒತ್ತಡದ ಪರೀಕ್ಷೆ. ರೆಗ್ಯುಲೇಟರನ್ನು ಸಿಲಿಂಡರಿಗೆ ಬಿಗಿದು, ಕೊಳವೆಗೊಂದು ಮಾಪಕ ಸಿಕ್ಕಿಸಿ, ಮುಳ್ಳು ಒಂಬತ್ತೂವರೆಯಲ್ಲಿ ಅಲ್ಲಾಡದೆ ನಿಲ್ಲುತ್ತದೆಯೇ ಎಂದು ಕಾಯಬೇಕು. ನಾನು ಕಲಿತದ್ದು ಹತ್ತು ನಿಮಿಷ ಕಾಯಬೇಕೆಂದು. ಆ ದಿನ ಎರಡೆರಡೇ ನಿಮಿಷ ಕಾದೆ. ಮರುದಿನ ಆಯುಧಪೂಜೆ, ಸಂಜೆಯೊಳಗೆ ವಿದ್ಯಾರಣ್ಯಪುರದ ಅಮ್ಮನ ಮನೆಗೆ ಹೊರಡಬೇಕಿತ್ತು, ಬಸ್ಸುಗಳೆಲ್ಲ ಹಬ್ಬದ ಜನರಿಂದ ತುಂಬಿರುತ್ತವೆ. ಹನ್ನೆರಡರ ಮುಳ್ಳೂ ನಿಂತ ಜಾಗದಲ್ಲೇ ನಿಂತಿತ್ತು. ದಫ್ತರಿನಲ್ಲಿ ಸಾಲಾಗಿ "ಸರಿ, ಸರಿ, ಸರಿ" ಎಂದು ಬರೆದು ಪೆನ್ನು ಮುಚ್ಚಿದೆ.

ಬರೆಯುವಾಗ ತಾತನ ಮೊಮ್ಮಗಳು ಪಕ್ಕದಲ್ಲೇ ಇದ್ದಳು. ಇಪ್ಪತ್ತೆರಡು ವರ್ಷದ ಹುಡುಗಿ. ಆರು ತಿಂಗಳಿಂದ ಈಜುಕೊಳದಲ್ಲಿ ಡೈವಿಂಗ್ ಕಲಿಯುತ್ತಿದ್ದಳು. ಶುಕ್ರವಾರ ಸಂಜೆ ತಂಡದ ಎರಡನೇ ಪ್ರವಾಸ ಹೊರಡುವುದಿತ್ತು, ಅವಳು ಮೊದಲ ಬಾರಿ ಕಡಲಿಗೆ ಇಳಿಯುವುದಿತ್ತು. ಹೋಗುವವರು ಹನ್ನೊಂದು ಜನ, ಒಂದು ರೆಗ್ಯುಲೇಟರ್ ಹೆಚ್ಚುವರಿ.

"ಆಂಟಿ, ನಂಗ್ ಯಾವುದು?" ಎಂದು ಕೇಳಿದಳು.

"ಏಳನೇದು ತಗೋ. ಅದರ ಮೌತ್‌ಪೀಸ್ ಚಿಕ್ಕದು, ನಿನ್ ಬಾಯಿಗೆ ಸರಿಹೋಗುತ್ತೆ," ಎಂದು ಅವಳ ಹೆಸರಿನ ಮುಂದೆ ಏಳು ಬರೆದುಕೊಂಡೆ.

ಮಳೆ ಬಂದರೆ ಕಿಟಕಿ ಮುಚ್ಚಿ ಎಂದು ಕೋಣೆಯ ಬೀಗದ ಕೈ ತಾತನಿಗೆ ಕೊಟ್ಟು ಹೊರಟೆ. ಯಾವಾಗಲೂ ಕೊಡುವುದು ಹಾಗೆಯೇ.

ಶುಕ್ರವಾರ, ವಿಜಯದಶಮಿಯ ಬೆಳಿಗ್ಗೆ ಏಳಕ್ಕೆಲ್ಲ ವಾಪಸು ಬಂದೆ. ಬೀದಿ ತುಂಬ ಒಡೆದ ಬೂದುಗುಂಬಳ, ಬಾಗಿಲು ಬಾಗಿಲಿಗೂ ಬಾಳೆಕಂದು, ಚೆಂಡುಹೂವಿನ ಹಾರ ಹಾಕಿಕೊಂಡ ಸ್ಕೂಟರುಗಳು. ಮೇಲೆ ಬಂದು ನೋಡಿದರೆ ನನ್ನ ರೆಗ್ಯುಲೇಟರುಗಳು ಬಿಟ್ಟಂತೆಯೇ ತೂಗುತ್ತಿದ್ದವು. ನಾನು ಬಿಟ್ಟಿದ್ದಕ್ಕಿಂತ ಹೊಳಪು ಜಾಸ್ತಿ ಅನ್ನಿಸಿತು. ಖಾಲಿ ಕ್ರೇಟಿನ ಮೇಲೆ ಒಂದು ಸೇವಂತಿಗೆ ಹೂವಿತ್ತು. ಪಾಪ, ತಾತ ಹೂವಿಟ್ಟು ಕೈಮುಗಿದಿದ್ದಾರೆ ಎಂದುಕೊಂಡು ನಕ್ಕೆ. ಹಿಂದಿನ ವರ್ಷ ಮಾಪಕದ ಗಾಜಿಗೆ ಕುಂಕುಮ ಬಳಿದಿದ್ದರೆಂದು ನಾನು ರೇಗಿದ್ದೆ. ಈ ಸಲ ನೆನಪಿಟ್ಟುಕೊಂಡಿದ್ದಾರಲ್ಲ ಎಂದು ಸಂತೋಷವೂ ಆಯಿತು.

ಕ್ರೇಟಿಗೆ ತುಂಬುವ ಮೊದಲು ಒಂದೊಂದನ್ನೂ ಸಿಲಿಂಡರಿಗೆ ಹಾಕಿ ಎರಡು ಸಲ ಉಸಿರೆಳೆದು ನೋಡುವುದು ನನ್ನ ಪದ್ಧತಿ. ಒಂದನೇ ನಂಬರಿನದನ್ನು ಕೈಗೆತ್ತಿಕೊಂಡು ಮುಚ್ಚಳ ತೆಗೆದೆ.

ಮುಚ್ಚಳದ ಒಳಗೆ ಕುಂಕುಮವಿತ್ತು.

ಹೊರಗಿದ್ದಿದ್ದರೆ ಒರೆಸಿ ಮುಂದೆ ಹೋಗುತ್ತಿದ್ದೆ. ಒಳಗಿದೆ ಎಂದರೆ ಯಾರೋ ಮುಚ್ಚಳ ತೆಗೆದಿದ್ದಾರೆ. ಗಾಳಿಯ ಬಾಯಿಗೆ ಅಡ್ಡವಾಗಿ ಕಂಚಿನ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಜಾಲರಿ ಇರುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಅದೂ ನಡುವೆ ಕೆಂಪಾಗಿ, ಸುತ್ತ ತೇವವಾಗಿತ್ತು. ಎರಡನೆಯದರ ಮುಚ್ಚಳ ತೆಗೆದೆ. ಅಲ್ಲೂ ಕೆಂಪು. ಮೂರು, ನಾಲ್ಕು, ಐದು. ಆರನೆಯದನ್ನು ಬೋರಲು ಮಾಡಿ ಅಲ್ಲಾಡಿಸಿದಾಗ ಅಂಗೈಗೆ ಎರಡು ಹನಿ ನೀರು ಬಿತ್ತು. 

ಮೆಟ್ಟಿಲ ಮೇಲೆ ನಿಂತೇ ಕೂಗಿದೆ. ತಾತ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಏನೋ ಮೆಚ್ಚುಗೆ ಕೇಳಲು ಬಂದವರಂತೆ ನಗುತ್ತ ಹತ್ತಿ ಬಂದರು.

"ತಾತ, ಇದರ ಮುಚ್ಚಳ ತೆಗೆದಿದ್ರಾ?"

"ಊನವ್ವ. ಅಬ್ಬದ್ ದಿನ ಎಲ್ಲಾನೂ ತೊಳ್ದ್ ಇಕ್ಬೇಕು ತಾನೇ? ಮೋಟ್ರು ತೊಳ್ದೆ, ಗುದ್ಲಿ ತೊಳ್ದೆ, ಗಾಡಿಗಳ್ನ ತೊಳ್ದೆ. ಇವ್ನೂ ಇಳಿಸ್ಕೊಂಡೋಗಿ ನಲ್ಲಿ ಕೆಳಗ್ ಇಕ್ಕಿ ಚೆನ್ನಾಗ್ ತೊಳ್ದೆ. ಬಟನ್ ಒತ್ತಿ ಒತ್ತಿ ತೊಳ್ದಿವ್ನಿ ನೋಡು, ಒಳಗಿನ್ ಉಪ್ಪೆಲ್ಲ ಓಗ್ಲಿ ಅಂತ."

"ಬೋರ್ ನೀರಲ್ಲಾ?"

"ಮತ್ತಿನ್ಯಾವ್ದ್ರಲ್ಲಿ? ನಿನ್ ಡ್ರಮ್ ನಾನ್ ಮುಟ್ಟಾಕಿಲ್ಲ."

"ಮುಚ್ಚಳ ಹಾಕ್ಕೊಂಡೇ ತೊಳೀಬಾರ್ದಿತ್ತಾ ತಾತ?"

"ಬಾಯ್ ಕಟ್ಟಿ ತೊಳುದ್ರೆ ತೊಳ್ದಂಗಾಯ್ತದಾ? ಎತ್ಗೂ ಬಾಯಿ ತೊಳ್ದೇ ನಾವು ಪೂಜೆ ಮಾಡ್ತಿದ್ದಿದ್ದು." ಆಮೇಲೆ ದನಿ ಇಳಿಸಿ ಹೇಳಿದರು: "ಗಾಳಿ ಓಗೋದು ಈ ಬಾಯಿಂದ ಅಂತ ನಮ್ ಮಗೀ ತೋರ್ಸಿದ್ಲು. ಅವ್ಳಿಗೆ ಯಾವ್ದ್ ಕೊಡ್ತೀಯೋ ನಂಗೇನ್ ಗೊತ್ತು. ಅದ್ಕೆ ಅಷ್ಟಕ್ಕೂ ಆ ಬಾಯಿಗೇ ಕುಂಕ್ಮ ಇಟ್ಟೆ. ಮೇಲಿಟ್ರೆ ನೀನ್ ಬಯ್ತೀಯ."

ಬಯ್ಯಬೇಕೆಂದು ಬಾಯಿ ತೆರೆದಿದ್ದೆ. ಆ ಕೊನೆಯ ಮಾತು ಕೇಳಿ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಆದರೂ ಸುಮ್ಮನಿರುವವಳಲ್ಲ ನಾನು. ಸ್ಟೂಲಿನ ಮೇಲೆ ಅವರನ್ನು ಕೂರಿಸಿ ನೇರವಾಗಿ ಹೇಳಿದೆ: ಈ ನೀರು ಒಳಗೆ ಲೋಹ ತಿನ್ನುತ್ತೆ, ಈ ಪುಡಿ ಇನ್ನೂರು ಬಾರ್ ಗಾಳಿಯ ಜೊತೆ ಹೋಗಿ ಪಿಸ್ಟನ್ ಕೂರುವ ಜಾಗದಲ್ಲಿ ಸಿಕ್ಕಿಕೊಳ್ಳುತ್ತೆ, ಜಾಲರಿ ಕಟ್ಟಿಕೊಂಡರೆ ಹದಿನೈದು ಮೀಟರ್ ಕೆಳಗೆ ಎಳೆದಷ್ಟು ಗಾಳಿ ಬರೋದಿಲ್ಲ. ತಾತ ನಗುವುದನ್ನು ನಿಲ್ಲಿಸಿದರು.

"ಅಂದ್ರೆ ಮಗೀಗೆ..."

"ಹೂಂ ತಾತ."

ಅವರು ಎರಡೂ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ನೆಲ ನೋಡುತ್ತ ಕೂತುಬಿಟ್ಟರು.

ತಂಡದ ತರಬೇತುದಾರನಿಗೆ ಫೋನ್ ಮಾಡಿದೆ. ಆತ ನನಗಿಂತ ಚಿಕ್ಕವನು, ಸಮುದ್ರದಲ್ಲಿ ಧೈರ್ಯವಂತ, ರೈಲಿನ ವೇಳೆಯ ವಿಷಯದಲ್ಲಿ ಮಾತ್ರ ಪುಕ್ಕಲ.

"ಅಕ್ಕ, ಟೆನ್ಶನ್ ತಗೋಬೇಡಿ. ಟ್ಯಾಂಕ್‌ಗೆ ಹಾಕಿ ಎರಡು ಸಲ ಜೋರಾಗಿ ಗಾಳಿ ಬಿಡಿ, ನೀರೆಲ್ಲ ಹೊರಗ್ ಬರುತ್ತೆ. ಬಂದ್ಮೇಲೆ ಸೋಮವಾರ ಬಿಚ್ಚಿ ನೋಡಿದ್ರಾಯ್ತು."

"ನೀರು ಹೊರಗ್ ಬರುತ್ತೆ ಕಣಪ್ಪ, ಕುಂಕುಮ ಒಳಗ್ ಹೋಗುತ್ತೆ."

"ಹನ್ನೊಂದು ಜನ ಅಕ್ಕ. ದೋಣಿ ಬುಕ್ ಆಗಿದೆ. ಇವತ್ತು ಐದೂವರೆಗೆ ಯಶವಂತಪುರದಲ್ಲಿ ಇರ್ಬೇಕು. ಹನ್ನೆರಡೂ ಬಿಚ್ಚೋಕಾಗುತ್ತಾ?"

ಆಗುತ್ತದೆಯೇ ಎಂದು ನನಗೂ ಗೊತ್ತಿರಲಿಲ್ಲ. ಗಾಳಿ ಬಿಟ್ಟು ಒಣಗಿಸಿ ಕಳಿಸಿದ್ದರೆ, ಬಹುಶಃ ಏನೂ ಆಗುತ್ತಿರಲಿಲ್ಲ. ಆ 'ಬಹುಶಃ'ವನ್ನು ಹನ್ನೊಂದು ಜನರ ಬಾಯಿಗೆ ಕೊಡುವ ಧೈರ್ಯ ನನಗಿರಲಿಲ್ಲ.

"ಐದೂವರೆಗೆ ಸ್ಟೇಷನ್‌ಗೆ ಬರ್ತೀನಿ," ಎಂದೆ. "ಬಿಚ್ಚಿ ನೋಡಿದ್ದು ಎಷ್ಟಿರುತ್ತೋ ಅಷ್ಟೇ ತರ್ತೀನಿ. ಬಿಚ್ಚದೇ ಇದ್ದಿದ್ದು ಈ ಕೋಣೆ ಬಿಟ್ಟು ಬರಲ್ಲ. ಸಾಲದೆ ಬಂದ್ರೆ ಯಾರು ನೀರಿಗಿಳಿಯಲ್ಲ ಅಂತ ನೀವೇ ತೀರ್ಮಾನ ಮಾಡ್ಕೊಳ್ಳಿ."

ಆ ಕಡೆಯಿಂದ ನಿಟ್ಟುಸಿರು ಬಂತು. "ಸರಿ ಅಕ್ಕ. ನೀವ್ ಹೇಳ್ದಂಗೆ," ಎಂದು ಫೋನಿಟ್ಟ.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಹನ್ನೆರಡು ತಟ್ಟೆಗಳನ್ನು ಸಾಲಾಗಿಟ್ಟು ನಂಬರು ಹಾಕಿದೆ. ಒಂದರ ತಿರುಪು ಇನ್ನೊಂದಕ್ಕೆ ಹೋಗಬಾರದು. ಬಿಡಿಭಾಗಗಳನ್ನು ಕೊನೆಗೆ ಜಾಲಿಸಲು ಡಿಸ್ಟಿಲ್ಡ್ ವಾಟರ್ ಬೇಕು. ನೋಡಿದರೆ ಕ್ಯಾನಿನ ತಳದಲ್ಲಿ ಒಂದು ಲೋಟದಷ್ಟಿತ್ತು. ಹಬ್ಬದ ದಿನ, ಅರ್ಧ ಅಂಗಡಿ ಮುಚ್ಚಿರುತ್ತವೆ. ತಲೆಯ ಮೇಲೆ ಕೈ ಹೊತ್ತು ನಿಂತಾಗ ತಾತ ಎದ್ದು ನಿಂತರು.

"ಬ್ಯಾಟ್ರಿಗೆ ಆಕ್ತಾರಲ್ಲ, ಆ ನೀರಾ?"

"ಹೂಂ, ಅದೇ."

"ಆರ್.ಟಿ. ನಗರದಾಗೆ ಒಬ್ಬ ಬ್ಯಾಟ್ರಿ ಸಾಬ್ರವ್ರೆ. ಅಂಗ್ಡಿ ಮುಚ್ಚಿದ್ರೂ ಮನೆ ಇಂದ್ಗಡೆನೇ ಐತೆ. ತತ್ತೀನಿ."

ಚಪ್ಪಲಿ ಮೆಟ್ಟಿಕೊಂಡು ಇಳಿದೇ ಬಿಟ್ಟರು. ಮುಕ್ಕಾಲು ಗಂಟೆಯಲ್ಲಿ ಆಟೊದಲ್ಲಿ ಎರಡು ಕ್ಯಾನು ಇಟ್ಟುಕೊಂಡು ಬಂದರು. ಮೊಮ್ಮಗಳು ಕ್ಯಾನು ಹೊತ್ತು ತಂದಳು. ಅವಳಿಗೆ ವಿಷಯ ಗೊತ್ತಾಗಿತ್ತು.  ತಾತನ ಭುಜ ಒತ್ತಿ, ಅಂಗಿಯ ತೋಳು ಮಡಿಸಿಕೊಂಡು ನನ್ನ ಪಕ್ಕ ಬಂದು ಕೂತಳು.

"ಆಂಟಿ, ನಾನೇನ್ ಮಾಡ್ಲಿ?"

"ನಾನು ತೆಗೆದುಕೊಟ್ಟಿದ್ದನ್ನ ತೊಳಿ, ಸಿಲಿಂಡರ್ ಗಾಳಿಯಿಂದ ಒಣಗಿಸು, ಅದೇ ನಂಬರ್ ತಟ್ಟೆಯಲ್ಲಿಡು. ಊದ್ಬೇಡ, ಬಾಯಿಂದ ತೇವ ಬರುತ್ತೆ."

ಎಂಟು ಗಂಟೆಗೆ ಒಂದನೆಯದನ್ನು ಬಿಚ್ಚಿದೆ. ಜಾಲರಿ ಕೆಂಪು, ಒಳಗೋಡೆಯಲ್ಲಿ ಹನಿಗಳು, ಪಿಸ್ಟನ್ ಕೂರುವ ಜಾಗ ಮಾತ್ರ ಸ್ವಚ್ಛ. ಕುಂಕುಮ ಜಾಲರಿ ದಾಟಿರಲಿಲ್ಲ. ಜಾಲರಿ ಬದಲಿಸಿ, ಬಳೆಯಂಥ ಸಣ್ಣ ರಬ್ಬರ್ ಓ-ರಿಂಗುಗಳನ್ನು ಹೊಸದಾಗಿ ಹಾಕಿ, ತೆಳ್ಳಗೆ ಗ್ರೀಸು ಸವರಿ, ಜೋಡಿಸಿ ಮಾಪಕಕ್ಕೆ ಬಿಗಿದೆ. ಈ ಸಲ ಹತ್ತು ನಿಮಿಷ ಎಂದು ಮೊಬೈಲಿನಲ್ಲಿ ಅಲಾರಂ ಇಟ್ಟೆ. ಅದು ಮಾಪಕದಲ್ಲಿದ್ದಾಗ ಎರಡನೆಯದನ್ನು ಬಿಚ್ಚಿದೆ. ಹಾಗೆ ಒಂದರ ಹಿಂದೊಂದು ಸಾಗಿತು. ಮೂರನೆಯದರ ಮೇಲಿನ ತಿರುಪು ಬಿಗಿದುಕೊಂಡು ಅರ್ಧ ಗಂಟೆ ತಿಂದಿತು. ಐದನೆಯದರಲ್ಲಿ ಓ-ರಿಂಗೊಂದು ಚಿಮ್ಮಿ ಹೋಗಿ, ಮೂರು ಜನರೂ ನೆಲದ ಮೇಲೆ ಮಂಡಿಯೂರಿ ಹುಡುಕಿದೆವು. ಸಿಕ್ಕಿದ್ದು ತಾತನ ಪಂಚೆಯ ಮಡಿಕೆಯಲ್ಲಿ. ಆ ದಿನದ ಮೊದಲ ನಗು ಅದೇ.

ಹನ್ನೆರಡೂಕಾಲಿಗೆ ಏಳನೆಯದಕ್ಕೆ ಕೈ ಹಾಕಿದೆ. ಜಾಲರಿ ಎಲ್ಲದರಂತೆ ಕೆಂಪಾಗಿಯೇ ಇತ್ತು. ಪಿಸ್ಟನ್ ಎಳೆದು ತೆಗೆದಾಗ ಅದರ ಅಂಚಿನಲ್ಲಿ ಹಸಿರು ಕಲೆ ಕಂಡಿತು. ಪಿಸ್ಟನ್ನಿನ ಅಂಚು ಅಂದರೆ ಗಾಳಿಯನ್ನು ತಡೆದು ನಿಲ್ಲಿಸುವ ಅಂಚು. ಅದರಲ್ಲಿ ಕೂದಲೆಳೆಯಷ್ಟು ಗಾಯವೂ ಇರಬಾರದು. ಇಲ್ಲಿ ಸೂಜಿ ಚುಚ್ಚಿದಷ್ಟು ಎರಡು ಗುಳಿ ಬಿದ್ದಿದ್ದವು. ಗುಳಿಯ ಸುತ್ತ ಬಿಳಿ ಹರಳು.

ಬೋರ್ ನೀರಿನ ಪೊರೆ ಎಂದು ಮೊದಲು ಅಂದುಕೊಂಡೆ. ಆದರೆ ಒಂದು ಹಗಲು ಒಂದು ರಾತ್ರಿಯಲ್ಲಿ ಲೋಹಕ್ಕೆ ಗುಳಿ ಬೀಳುವುದಿಲ್ಲ. ಒಂದು ಹರಳನ್ನು ಬೆರಳ ತುದಿಗೆ ತೆಗೆದುಕೊಂಡು ನಾಲಿಗೆಗೆ ತಾಗಿಸಿದೆ.

ಉಪ್ಪು.

ಒಣಗಿ ಬಂದಿದ್ದ ಟವೆಲ್ಲಿನ ನೆನಪಾಯಿತು. ಹಿಂದೆ ಯಾವಾಗಲೋ ಕಡಲ ನೀರು ಒಳಹೊಕ್ಕು ಗುಳಿ ತೋಡಿತ್ತು, ಈ ಪ್ರವಾಸದಲ್ಲಿ ಮತ್ತೆ ಹೊಕ್ಕು ಒಣಗಿ ಹರಳಾಗಿತ್ತು. ನಾನು ಹೊರಗಿನಿಂದ ಎಷ್ಟು ತೊಳೆದರೂ, ತಾತ ಬೋರ್ ನೀರು ಹುಯ್ದರೂ ಅದು ಒಳಗೇ ಕೂತಿತ್ತು. ದಫ್ತರು ತೆಗೆದು ನೋಡಿದೆ. ಏಳು: ಎರಡು ನಿಮಿಷ, ಸರಿ. ಕೆಳಗೆ ನನ್ನದೇ ಸಹಿ.

ಹುಡುಗಿ ತಟ್ಟೆಯ ನಂಬರು ನೋಡಿ ನನ್ನ ಮುಖ ನೋಡಿದಳು. "ಇದು ನಂದಲ್ವಾ ಆಂಟಿ?"

ಅಂಚನ್ನು ಒರೆಸಿ, ಹೊಸ ಓ-ರಿಂಗು ಹಾಕಿ, ಜೋಡಿಸಿ, ಮಾಪಕಕ್ಕೆ ಬಿಗಿದೆ. ಕೆಲಸದ ಹೊತ್ತು ಹಾಳಾಗುತ್ತದೆಂದು ಗೊತ್ತಿದ್ದರೂ ನೋಡಲೇಬೇಕಿತ್ತು. ಒಂದು ನಿಮಿಷ, ಒಂಬತ್ತೂವರೆ. ಎರಡು ನಿಮಿಷ, ಒಂಬತ್ತೂವರೆ. ಬುಧವಾರ ನಾನು ಎದ್ದುಹೋದದ್ದು ಇಲ್ಲಿಗೆ. ನಾಲ್ಕನೇ ನಿಮಿಷಕ್ಕೆ ಮುಳ್ಳು ಅಲ್ಲಾಡಿತು. ಆರಕ್ಕೆ ಹತ್ತು ದಾಟಿತು. ಒಂಬತ್ತನೇ ನಿಮಿಷಕ್ಕೆ ಮುಳ್ಳು ಹನ್ನೆರಡರ ಹತ್ತಿರ ಹೋಗಿ, ಬಾಯಿಗಿಡುವ ಡಬ್ಬಿಯಿಂದ ಗಾಳಿ ತಾನಾಗಿಯೇ ಭುಸ್ಸೆಂದು ಸುರಿಯತೊಡಗಿತು. ನೀರಿನಡಿಯಲ್ಲಿ ಹೀಗಾದರೆ ಅನುಭವಸ್ಥರು ಸಾವರಿಸಿಕೊಂಡು ಮೇಲೆ ಬರುತ್ತಾರೆ. ಮೊದಲ ಸಲ ಕಡಲಿಗಿಳಿದ ಹುಡುಗಿ ಗಾಬರಿಯಾಗಿ ಏನು ಮಾಡುತ್ತಾಳೋ ಯಾರು ಬಲ್ಲರು. ಸಿಲಿಂಡರಿನ ಕವಾಟ ಮುಚ್ಚಿದೆ.

ತಾತ ಮೂಲೆಯಿಂದ ಕೇಳಿದರು. ದನಿ ಬಹಳ ಸಣ್ಣದಾಗಿತ್ತು. "ನಾನ್ ತೊಳ್ದಿದ್ಕೇ ಇಂಗಾಯ್ತಾ ಅವ್ವ?"

ಹೂಂ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಾತನಾಗಲಿ ತರಬೇತುದಾರನಾಗಲಿ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಒಂದು ಗಳಿಗೆ ಆ ಆಸೆ ಬಂದದ್ದು ನಿಜ. ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬೆಳಿಗ್ಗೆಯಿಂದ ಆ ಮನುಷ್ಯ ಒಂದು ತೊಟ್ಟು ಕಾಫಿಯನ್ನೂ ಕುಡಿದಿರಲಿಲ್ಲ.

"ಇಲ್ಲ ತಾತ. ಇದು ನಿಮ್ಮದಲ್ಲ, ನಂದು. ಹತ್ತು ನಿಮಿಷ ನೋಡ್ಬೇಕಾಗಿತ್ತು, ಹಬ್ಬಕ್ಕೆ ಹೋಗೋ ಆತುರದಲ್ಲಿ ಎರಡೇ ನಿಮಿಷ ನೋಡ್ದೆ. ನೀವು ಮುಚ್ಚಳ ತೆಗೀದೇ ಇದ್ದಿದ್ರೆ ನಾನು ಇದನ್ನ ಬಿಚ್ತಾನೇ ಇರ್ಲಿಲ್ಲ. ಇದನ್ನೇ ಅವಳ ಕೈಗೆ ಕೊಟ್ಟು ಕಳಿಸ್ತಿದ್ದೆ."

ತಾತ ಎದ್ದು ಮೇಜಿನ ಬಳಿ ಬಂದರು. ಬಟ್ಟೆಯ ಮೇಲೆ ಉಳಿದಿದ್ದ ಒಂದು ಹರಳನ್ನು ಬೆರಳಿಗೆ ಅಂಟಿಸಿಕೊಂಡು, ನಾನು ಮಾಡಿದಂತೆಯೇ ನಾಲಿಗೆಗೆ ಇಟ್ಟುಕೊಂಡರು. ಸ್ವಲ್ಪ ಹೊತ್ತು ಚಪ್ಪರಿಸಿದರು.

"ಔದು. ಉಪ್ಪೇಯ," ಎಂದರು. ಆಮೇಲೆ ಬೆಳಿಗ್ಗೆಯಿಂದ ಮಾಯವಾಗಿದ್ದ ಗತ್ತು ಸ್ವಲ್ಪ ಹಿಂದಿರುಗಿ, "ನಮ್ ಬೋರ್ ನೀರು ಇಂಗಿರಾಕಿಲ್ಲ ಬಿಡು," ಎಂದರು.

ಹುಡುಗಿ ಬಿದ್ದು ಬಿದ್ದು ನಕ್ಕಳು. ನನಗೆ ನಗುವಿನ ಜೊತೆಗೇ ಅಳು ಬಂತು. ಅವಳ ಅಮ್ಮ ಕೆಳಗಿನಿಂದ ಚಿತ್ರಾನ್ನದ ತಟ್ಟೆಗಳನ್ನು ಕಳಿಸಿದ್ದರು. ಮೂವರೂ ನಿಂತುಕೊಂಡೇ ತಿಂದೆವು.

ಉಳಿದ ಐದನ್ನು ನಾಲ್ಕು ಗಂಟೆಗೆ ಮುಗಿಸಿದೆ. ಎಲ್ಲವೂ ಹತ್ತು ನಿಮಿಷ ನಿಂತವು. ಏಳನೆಯದನ್ನು ಕೆಂಪು ಚೀಟಿ ಕಟ್ಟಿ ಬೀರುವಿಗೆ ಹಾಕಿದೆ. ಅದಕ್ಕೆ ಹೊಸ ಪಿಸ್ಟನ್ ಬರುವವರೆಗೆ ನೀರಿಲ್ಲ. ದಫ್ತರಿನಲ್ಲಿ ಬುಧವಾರದ ಪುಟಕ್ಕೆ ಅಡ್ಡಗೆರೆ ಎಳೆದು, ಯಾಕೆಂದು ಕೆಳಗೆ ಬರೆದೆ. ಹುಡುಗಿಗೆ ಹನ್ನೊಂದನೇ ನಂಬರು ಕೊಟ್ಟು, ಏಳನೆಯದರ ಚಿಕ್ಕ ಮೌತ್‌ಪೀಸನ್ನು ಬಿಸಿನೀರಲ್ಲಿ ತೊಳೆದು ಅದಕ್ಕೆ ಹಾಕಿದೆ. ಹೊರಡುವಾಗ ತಾತ ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು, ಒಳಗೆ ಬರಲು ಮಾತ್ರ ಹಿಂಜರಿದರು.

"ಬನ್ನಿ ತಾತ. ಕ್ರೇಟಿಗೆ ಇಡಿ, ಎಷ್ಟು ಬೇಕಾದ್ರೂ ಇಡಿ," ಎಂದೆ.

ಎರಡೂ ಕ್ರೇಟಿನ ಹೊರಗೋಡೆಗೆ ದೊಡ್ಡ ದೊಡ್ಡ ಬೊಟ್ಟಿಟ್ಟರು. ಒಳಗಿನ ಸಾಮಾನಿನ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ.

ದಾರಿಯಲ್ಲಿ ಹಬ್ಬದ ಟ್ರಾಫಿಕ್ಕು ಹಿಡಿದರೂ ಐದು ಇಪ್ಪತ್ತೈದಕ್ಕೆ ಯಶವಂತಪುರ ತಲುಪಿದೆವು. ಪ್ಲಾಟ್‌ಫಾರ್ಮಿನಲ್ಲಿ ತರಬೇತುದಾರ ಕ್ರೇಟಿನ ಮೇಲಿನ ಕುಂಕುಮ ನೋಡಿ ಹುಬ್ಬೇರಿಸಿದ. ಏಳನೆಯದರ ವಿಷಯವನ್ನು, ನನ್ನ ಎರಡು ನಿಮಿಷವನ್ನೂ ಸೇರಿಸಿ, ಎಲ್ಲ ಹೇಳಿದೆ. 

"ಸ್ಪೇರ್ ಅಲ್ಲೇ ಬಾಡಿಗೆಗೆ ತಗೋತೀನಿ ಅಕ್ಕ," ಎಂದ. "ಬೆಳಿಗ್ಗೆ ನಾನ್ ಹೇಳಿದ್ ಮಾತು ಮರೆತ್ಬಿಡಿ."

"ನೀವೂ ನನ್ನ ಬುಧವಾರ ಮರೆತ್ಬಿಡಿ ಅಂತ ನಾನ್ ಹೇಳಲ್ಲ. ನೆನಪಿಟ್ಕೊಳ್ಳಿ," ಎಂದೆ.

ಶನಿವಾರ ನಾನು ಕೋಣೆಗೆ ಬರುವ ಅಗತ್ಯವೇ ಇರಲಿಲ್ಲ. ಆದರೂ ಬಂದೆ. ತಟ್ಟೆ ತೊಳೆದೆ, ಮೇಜು ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ತಾತನಿಗೂ ಕೆಳಗೆ ನಿಲ್ಲಲಾಗಲಿಲ್ಲ. ಮೇಲೆ ಬಂದು, ನಾನು ಸಾಮಾನು ತೊಳೆಯುವ ಟಬ್ಬಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಯಾವುದಕ್ಕೆ ಮೊದಲು ಏನು ಮಾಡಬೇಕು ಎಂದು ಕೇಳಿದರು. ಹೇಳಿಕೊಟ್ಟೆ. ಬೀರುವಿನಿಂದ ಏಳನೆಯದನ್ನು ತೆಗೆದು ಕೊಟ್ಟು, ಮುಚ್ಚಳ ಹಾಕಿಸಿ, ತೆಗೆಸಿ, ಮತ್ತೆ ಹಾಕಿಸಿದೆ. ಗಟ್ಟಿ ಕೂತಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದರು.

ಹನ್ನೊಂದೂಮುಕ್ಕಾಲಿಗೆ ತಾತನ ಫೋನು ಹೊಡೆದುಕೊಂಡಿತು. ಸ್ಪೀಕರಿಗೆ ಹಾಕಿದೆ. ದೋಣಿಯ ಮೋಟಾರು, ಗಾಳಿ, ಯಾರದೋ ಕೇಕೆ. ಅದರ ನಡುವೆ ಹುಡುಗಿಯ ದನಿ.

"ತಾತಾ! ಹೋಗ್ಬಂದೆ! ಹನ್ನೆರಡು ಮೀಟರ್! ಆಮೆ ನೋಡ್ದೆ ತಾತ, ಇಷ್ಟ್ ದೊಡ್ದು! ಆಂಟಿಗೆ ಹೇಳು, ಗಾಳಿ ಬೆಣ್ಣೆ ಥರ ಬಂತು ಅಂತ!"

 ನಾನು ಟಬ್ಬಿನ ಅಂಚನ್ನು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತೆ. ತಾತ ಮಾತ್ರ ಆಮೆಯ ಬಗ್ಗೆ ಏನೂ ಕೇಳಲಿಲ್ಲ. ಫೋನನ್ನು ಬಾಯಿಗೆ ಹತ್ತಿರ ತಂದುಕೊಂಡು, ಕಡಲಿನಾಚೆಗೂ ಕೇಳಿಸುವಂತೆ ಕೂಗಿದರು:

"ಅದೆಲ್ಲ ಆಮೇಲೇಳು ಮಗಾ. ಮೊದ್ಲು ಮುಚ್ಳ ಆಕಿದ್ಯಾ?"